ಇಪ್ಪತ್ತಮೂರು ಹಾಡಿಬಂಧುಗಳ ತಾಯಿ

ಸೇಬತಿ ಎಂಬವಳು ರಸ್ತೆಯ ಅಂಚಿನಲ್ಲಿ ನಡೆದದ್ದನ್ನು ನಾನು ಒಂದು ದಿನವೂ ಕಾಣಲಿಲ್ಲ. ಪಾಟಪುರದ ಬಜಾರು ಎಷ್ಟೇ ಇಕ್ಕಟ್ಟಾಗಿರಲಿ, ಎದುರಿಗೆ ಎತ್ತಿನ ಗಾಡಿ ಬರಲಿ, ತಹಸೀಲ್ದಾರರ ಜೀಪೇ ಬರಲಿ, ಅವಳು ರಸ್ತೆಯ ನಟ್ಟನಡುವೆ, ಬಲಗಾಲನ್ನು ತುಸು ಹೊರಕ್ಕೆ ಎಸೆದು ಎಸೆದು ಇಡುತ್ತ, ಉದ್ದ ಹಿಡಿಯ ಪೊರಕೆಯನ್ನು ಹೆಗಲಿಗೇರಿಸಿಕೊಂಡು, ಯಾರನ್ನೋ ಗಟ್ಟಿಯಾಗಿ ಬೈಯುತ್ತ ಬರುತ್ತಿದ್ದಳು. ಚಳಿಗಾಲದಲ್ಲಿ ಸೀರೆಯ ಮೇಲೊಂದು ಗಂಡಸರ ಕರಿಯ ಕೋಟು. ತೀರಿಕೊಂಡ ಯಾವನೋ ಸ್ಟೇಷನ್ ಮಾಸ್ತರನದಂತೆ, ತೋಳು ಬೆರಳ ತುದಿಯವರೆಗೆ ಇಳಿಬಿದ್ದಿರುತ್ತಿತ್ತು. ಜನ ದಾರಿ ಬಿಡುತ್ತಿದ್ದರು. ಎಲ್ಲಿ ಮೈಗೆ ಸೋಕುತ್ತಾಳೋ ಎಂದು ಬಿಡುತ್ತಿದ್ದರೆಂಬುದು ಅವಳಿಗೂ ಗೊತ್ತಿತ್ತು. "ಸರೀರಿ, ಸರೀರಿ, ಪಂಚೆ ಎತ್ಕೊಂಡು ಸರೀರಿ! ಹುಟ್ಟಿದಾಗ ಬರೀ ಮೈಯಲ್ಲಿ ನನ್ನ ಅಂಗೈಲಿ ಒದ್ದಾಡ್ತಿದ್ರಿ, ಆಗ ಎಲ್ಲಿ ಹೋಗಿತ್ತು ನಿಮ್ಮ ಮಡಿ?" ಎನ್ನುತ್ತಿದ್ದಳು. ಮಾತಿಗೆ ಮುಂಚೆ ಒಂದು ಸಲ, ಮಾತಾದ ಮೇಲೆ ಒಂದು ಸಲ ನಾಲಗೆಯಿಂದ 'ಚಕ್' ಎಂದು ಸದ್ದು ಮಾಡುವುದು ಅವಳ ರೂಢಿ.

ನಾನು ಆ ಊರಿನ ಹೈಸ್ಕೂಲಿಗೆ ಗಣಿತದ ಮೇಷ್ಟ್ರಾಗಿ ಸೇರಿದ ಮೊದಲ ವಾರವೇ ಒಂದು ನೋಟ ಕಂಡೆ. ಸಂತೆಯ ದಿನ ಅವಳು ಬಜಾರಿನ ಮಧ್ಯೆ ಗಕ್ಕನೆ ನಿಂತು "ಏ ಹಾಡಿಯಾ!" ಎಂದು ಕೂಗಿದಳು. ಮೂವರು ತಿರುಗಿ ನೋಡಿದರು: ಬಟ್ಟೆ ಅಂಗಡಿಯ ಯಜಮಾನ, ಲಾಠಿ ಹಿಡಿದ ಪೊಲೀಸಪ್ಪ, ಜನಿವಾರ ಹಾಕಿದ ದೇವಸ್ಥಾನದ ಅಡುಗೆಯವನು. "ಮೂರು ಜನಾನೂ ಇಲ್ಲೇ ಇದ್ದೀರಾ? ಒಬ್ಬನಾದರೂ ಮುಪ್ಪಿನ ತಾಯಿಗೆ ಎರಡು ಎಲೆ ಅಡಿಕೆ ಕೊಡಿಸ್ರೋ," ಎಂದಳು. ಸಂತೆಗೆ ಸಂತೆಯೇ ನಕ್ಕಿತು. ಮೂವರೂ ನಕ್ಕರು, ಮೂವರೂ ದೂರದಿಂದಲೇ ಎಲೆ ಅಡಿಕೆ ಎಸೆದರು. ಅವಳು ಕೋಟಿನ ತೋಳಿನಲ್ಲಿ ಅದನ್ನು ಹಿಡಿದು ಬಾಯಿಗೆ ತುರುಕಿಕೊಂಡು ಮುಂದೆ ಹೋದಳು.

ಹಾಡಿಬಂಧು, ಕರೆಯುವಾಗ ಹಾಡಿಯಾ, ಎಂಬ ಹೆಸರು ಒಡಿಶಾದ ಆ ಕಡಲಸೀಮೆಯಲ್ಲಿ ಒಂದು ಕಾಲಕ್ಕೆ ಎಷ್ಟು ಮನೆಮಾತಾಗಿತ್ತೆಂದರೆ ನನ್ನ ಎಂಟನೆಯ ತರಗತಿಯ ಹಾಜರಿ ಪುಸ್ತಕವೊಂದರಲ್ಲೇ ನಾಲ್ಕು ಇದ್ದವು: ಒಬ್ಬ ದಾಸ, ಒಬ್ಬ ಸಾಹು, ಇಬ್ಬರು ಜೇನಾ. ಹಾಡಿ ಎಂದರೆ ಊರಿನ ಕಸ ಬಳಿಯುವ, ಹೆರಿಗೆಯ ಮನೆಯಲ್ಲಿ ಹೊಕ್ಕುಳು ಕತ್ತರಿಸುವ ಜಾತಿ. ಹಾಡಿಬಂಧು ಎಂದರೆ ಹಾಡಿಯ ನಂಟ. ಬ್ರಾಹ್ಮಣ, ಕರಣ, ಸಾಹುಕಾರರ ಮನೆಗಳಲ್ಲಿ ಹುಟ್ಟಿದ ಮಕ್ಕಳು ಒಂದರ ಹಿಂದೊಂದು ಮಣ್ಣಾದರೆ, ಮುಂದಿನ ಗಂಡುಮಗು ಹುಟ್ಟಿದ ಕೂಡಲೇ ಅದನ್ನು ಹಾಡಿ ಹೆಂಗಸಿಗೆ ಮಾರುವುದು ಅಲ್ಲಿನ ಪದ್ಧತಿ. ಯಮ ಹುಡುಕಿಕೊಂಡು ಬಂದಾಗ ಇದು ಹಾಡಿಯ ಮಗು ಎಂದು ತಿಳಿದು, ಹೇಸಿ, ಮುಟ್ಟದೆ ಹಿಂದಿರುಗುತ್ತಾನೆಂಬುದು ನಂಬಿಕೆ. ವ್ಯಾಪಾರದ ಗುರುತಾಗಿ ಮಗುವಿಗೆ ಆ ಹೆಸರು. ಎಷ್ಟು ಹಾಡಿಬಂಧುಗಳಿದ್ದಾರೋ ಅಷ್ಟು ಮನೆಗಳಲ್ಲಿ ಒಂದು ಕಾಲಕ್ಕೆ ತಾಯಂದಿರು ಎದೆ ಬಡಿದುಕೊಂಡಿದ್ದಾರೆಂದು ಅರ್ಥ. ಹೀಗಾಗಿ ಆ ಹೆಸರು ಕರೆದಾಗ ನನ್ನ ತರಗತಿಯಲ್ಲಿ ಯಾರೂ ನಗುತ್ತಿರಲಿಲ್ಲ. ನಾಲ್ವರು ಹಾಡಿಬಂಧುಗಳೂ ಮುಂದಿನ ಬೆಂಚುಗಳಲ್ಲಿ ಎದೆಯುಬ್ಬಿಸಿ ಕೂತಿರುತ್ತಿದ್ದರು. ಆದರೆ ಹಾಡಿಗಳ ಕೇರಿಯಿಂದ ನಿಜವಾಗಿ ಬರುತ್ತಿದ್ದ ಇಬ್ಬರು ಹುಡುಗರು ಬಾಗಿಲ ಪಕ್ಕದಲ್ಲಿ, ನೆಲದ ಮೇಲೆ, ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದರು. ಕೂರಿಸುತ್ತಿದ್ದವನು ನಾನೇ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಇದನ್ನು ಮುಚ್ಚಿಟ್ಟು ಸೇಬತಿಯ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ.

ಅವಳು ಹೀಗೆ ಕೊಂಡ ಮಕ್ಕಳು ಇಪ್ಪತ್ತಮೂರು. ಎಲ್ಲರ ಹುಟ್ಟಿದ ವಾರ, ತಿಥಿ, ಹೊಕ್ಕುಳ ಆಕಾರ, ಮೊದಲ ಅಳುವಿನ ಸದ್ದು ಅವಳಿಗೆ ಬಾಯಿಪಾಠ. ಮಗು ಹುಟ್ಟಿದೊಡನೆ ಅವಳು ಮನೆಯ ಹಿತ್ತಿಲ ಬಾಗಿಲಿಗೆ ಹೋಗಿ ಸೆರಗೊಡ್ಡಿ ನಿಲ್ಲಬೇಕು. ಮನೆಯ ಹಿರಿಯಳು ಹೊಸಿಲಿನ ಒಳಗಿನಿಂದಲೇ ಮಗುವನ್ನು ಸೆರಗಿಗೆ ಇಳಿಸಬೇಕು. ಸೇಬತಿ ಒಂದು ಹಿಡಿ ನುಚ್ಚಕ್ಕಿಯನ್ನು ಹೊಸಿಲಿನ ಮೇಲೆ ಸುರಿದು "ಕೊಟ್ಟಿರಾ?" ಎಂದು ಮೂರು ಸಲ ಕೇಳಬೇಕು, ಅವರು ಮೂರು ಸಲ "ಕೊಟ್ಟೆ" ಎನ್ನಬೇಕು. ಆಮೇಲೆ ಮಗುವಿನ ಕಾಲಿಗೊಂದು ಕಬ್ಬಿಣದ ಕಡಗ ಸಿಕ್ಕಿಸಿ, "ಇದು ನನ್ನದು. ನಂದನ್ನ ನೀವು ಸಾಕ್ತಾ ಇದ್ದೀರಿ ಅಷ್ಟೇ, ನೆನಪಿರಲಿ," ಎಂದು ಹೇಳಿ ಹಿಂದಕ್ಕೆ ಕೊಡಬೇಕು. ಅವಳು ಬೆನ್ನು ತಿರುಗಿಸುವಷ್ಟರಲ್ಲಿ ಒಳಗೆ ಅರಿಶಿನದ ನೀರು ಸಿದ್ಧವಾಗಿರುತ್ತಿತ್ತು, ಅವಳು ಮುಟ್ಟಿದ ಮೈಲಿಗೆ ತೊಳೆಯಲು. ಬೇರೆ ಹೆಂಗಸರಾಗಿದ್ದರೆ ತಲೆ ತಗ್ಗಿಸಿ ಹೊರಟುಬಿಡುತ್ತಿದ್ದರು. ಸೇಬತಿ ಅಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತು, ಕೊನೆಯ ತಂಬಿಗೆ ನೀರು ಬೀಳುವವರೆಗೂ ನೋಡಿ, "ಚೆನ್ನಾಗಿ ಉಜ್ಜಿ, ಚೆನ್ನಾಗಿ ಉಜ್ಜಿ, ಚರ್ಮ ಕಿತ್ತು ಬರೋ ಹಾಗೆ ಉಜ್ಜಿ!" ಎಂದು ಹೇಳಿಯೇ ಹೊರಡುತ್ತಿದ್ದಳು.

ವರ್ಷಕ್ಕೊಮ್ಮೆ ರಜ ಹಬ್ಬದಲ್ಲಿ, ಭೂಮಿತಾಯಿ ಮೈನೆರೆಯುವ ಆ ಮೂರು ದಿನಗಳಲ್ಲಿ, ಕೊಂಡ ಮಕ್ಕಳ ಮನೆಗಳಿಂದ ಅವಳಿಗೊಂದು ಹೊಸ ಸೀರೆ, ಒಂದು ತಟ್ಟೆ ಪಿಠಾ ಎಂಬ ಅಕ್ಕಿಕಡುಬು ಸಲ್ಲಬೇಕು. ಒಂದು ವರ್ಷ ಸಾಹುಗಳ ಮನೆಯ ಸೊಸೆ ಉಟ್ಟು ಬಿಟ್ಟ ಸೀರೆಗೆ ಇಸ್ತ್ರಿ ಹಾಕಿಸಿ ಕೊಟ್ಟಳು. ಸೇಬತಿ ಅದನ್ನು ಬಿಡಿಸಿ, ಮೂಸಿ ನೋಡಿ, ನೇರ ಬಟ್ಟೆ ಅಂಗಡಿಗೆ ನಡೆದು, ಅಂಗಡಿಯ ಮುಂದೆ ನೇತುಹಾಕಿದ್ದ ಹೊಸ ಸೀರೆಗಳ ಸಾಲಿನಲ್ಲಿ ಅದನ್ನೂ ಹರವಿ, "ತಗೊಳ್ರೋ, ನನ್ನ ಮಗನ ಅಂಗಡೀಲಿ ಹೊಸ ಮಾಲು ಬಂದಿದೆ, ಬೆವರಿನ ವಾಸನೆ ಬಿಟ್ಟಿ!" ಎಂದು ಕೂಗತೊಡಗಿದಳು. ಹಾಡಿಬಂಧು ಸಾಹು ಗಲ್ಲಾಪೆಟ್ಟಿಗೆ ಬಿಟ್ಟು ಓಡಿಬಂದು ಕೈಮುಗಿದ. ಅವತ್ತು ಅವಳು ಅಂಗಡಿಯ ಅತ್ಯಂತ ಕೆಂಪು ಸೀರೆಯನ್ನೇ ಆರಿಸಿಕೊಂಡಳು. ಸಾಹುಗಳ ಜುಗ್ಗತನ ಬಯಲಾಯಿತೆಂದು ನಾವೆಲ್ಲ ನಕ್ಕೆವು. ಅವಳಿಗೆ ಅದು ನಗುವ ವಿಷಯವಾಗಿರಲಿಲ್ಲ. ಆ ಇಪ್ಪತ್ತಮೂರು ಹೆಸರುಗಳನ್ನು ಬಿಟ್ಟರೆ ಆ ಊರಿನಲ್ಲಿ ಅವಳಿಗೆ ಸೇರಿದ್ದೆನ್ನುವಂಥದು ಬೇರೇನೂ ಇರಲಿಲ್ಲ. ಯಾರಾದರೂ ಆ ಹೆಸರನ್ನು ಕರೆದಾಗಲೆಲ್ಲ ಅವಳು ಕಿವಿ ನಿಮಿರಿಸಿ ಕೇಳುವುದನ್ನು ನಾನೇ ಕಂಡಿದ್ದೇನೆ.

ಇಂಥವಳಿಗೆ ಪತ್ರಿಕೆಯಲ್ಲಿ ಬಂದ ಒಂದು ಪ್ರಕಟಣೆಯನ್ನು ಓದಿ ಹೇಳುವ ಕರ್ಮ ನನ್ನ ಪಾಲಿಗೇ ಬಂತು. ಮಾಘ ಮಾಸದ ಒಂದು ಬೆಳಿಗ್ಗೆ ಶಾಲೆಯ ಅಂಗಳ ಗುಡಿಸುತ್ತಿದ್ದವಳು ಪೊರಕೆ ಬಿಸಾಕಿ ಬಂದು, ಅಂಗಳದಲ್ಲೇ ನಿಂತು, "ಮೇಷ್ಟ್ರೇ, ಹುಡುಗರು ಏನೋ ಅಂತಿದ್ದಾರೆ. ಪಟ್ಟನಾಯಕರ ಮನೆಯ ನನ್ನ ಹಾಡಿಯಾ ಹೆಸರು ಬದಲಾಯಿಸ್ಕೊಂಡನಂತೆ. ಓದಿ," ಎಂದಳು. ಹಾಡಿಬಂಧು ಪಟ್ಟನಾಯಕ ಅವಳು ಕೊಂಡ ಏಳನೆಯ ಮಗು, ಊರಿನ ಹೆಸರಾಂತ ವಕೀಲ. ನಾನು ಓದಿದೆ: 'ಹಾಡಿಬಂಧು ಎಂಬ ನನ್ನ ಹೆಸರು ಅವಮಾನಕರವಾಗಿರುವುದರಿಂದ ಇಂದಿನಿಂದ ನಾನು ಹಿಮಾಂಶುಶೇಖರ ಪಟ್ಟನಾಯಕ ಎಂದು ಕರೆಯಲ್ಪಡತಕ್ಕದ್ದು.'

"ಅವಮಾನಕರ ಅಂದರೆ?"

"ಅಂದರೆ... ಅಷ್ಟು ಚೆನ್ನಾಗಿಲ್ಲ ಅಂತ."

"ಚಕ್! ಹುಡುಗರಿಗೆ ಹೀಗೇ ಪಾಠ ಹೇಳ್ತೀರಾ ನೀವು? ಸರಿಯಾಗಿ ಹೇಳಿ."

"ನಾಚಿಕೆ ತರೋವಂಥದು ಅಂತ," ಎಂದೆ.

ಅವಳು ಅರ್ಧ ಗುಡಿಸಿದ ಅಂಗಳವನ್ನು ಹಾಗೇ ಬಿಟ್ಟು, ರಸ್ತೆಯ ನಡುವೆ, ಆ ಕಾಲು ಎಸೆಯುವ ನಡಿಗೆಯಲ್ಲಿ ಹೊರಟಳು. ನಾನೂ ಹಿಂದೆ ಹೋದೆ. ತಡೆಯಲೋ ನೋಡಲೋ ಎಂದು ಇಂದಿಗೂ ಹೇಳಲಾರೆ.

ನಲವತ್ತು ವರ್ಷಗಳಿಂದ ಹಿತ್ತಿಲಿಗೇ ಹೋಗುತ್ತಿದ್ದವಳು ಅಂದು ಪಟ್ಟನಾಯಕರ ಮನೆಯ ಮುಂಬಾಗಿಲ ಮುಂದೆ ನಿಂತಳು. "ಹೊರಗೆ ಬಾರೋ ಹಾಡಿಯಾ!" ಎಂದು ಅವಳು ಕೂಗಿದ ಕೂಗಿಗೆ ಬೀದಿಯ ಬಾಗಿಲುಗಳೆಲ್ಲ ತೆರೆದವು. ಕೋರ್ಟಿಗೆ ಹೊರಡಲು ಗಡ್ಡ ಹೆರೆಯುತ್ತಿದ್ದ ವಕೀಲ ಒಂದು ಕೆನ್ನೆಯ ನೊರೆಯೊಡನೆ ಹಾಗೇ ಬಂದ.

"ಏನಿದು ಬೆಳಿಗ್ಗೆ ಬೆಳಿಗ್ಗೆ ಗಲಾಟೆ? ಎಷ್ಟು ಬೇಕು ಹೇಳು, ಕೊಟ್ಟುಬಿಡ್ತೀನಿ."

"ಎಷ್ಟು ಬೇಕಾ? ಲೋ, ನಿನ್ನನ್ನ ಕೊಂಡೋಳು ನಾನು. ಕೊಂಡ ಮಾಲು ಎಲ್ಲಾದರೂ ತಾನೇ ಬೆಲೆ ಕೇಳ್ತದಾ?"

ಬೀದಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ವಕೀಲನ ಇನ್ನೊಂದು ಕೆನ್ನೆ ಕೆಂಪಾಯಿತು. "ನಿನಗೇನು ಗೊತ್ತು? ಕೋರ್ಟಿನಲ್ಲಿ ಹೆಸರು ಕರೆದರೆ ಕಟಕದ ವಕೀಲರು ನಗ್ತಾರೆ. ನನ್ನ ಮಕ್ಕಳನ್ನ ಶಾಲೇಲಿ ಹಾಡಿಯ ಮಕ್ಕಳು ಅಂತಾರೆ. ನಾನು ಎಷ್ಟು ದಿನ ಸಹಿಸಬೇಕು?"

"ಅಯ್ಯೋ ನನ್ನ ರಾಜ! ನಗ್ತಾರಾ? ನಾನು ಹುಟ್ಟಿದಾಗಿಂದ ನನ್ನ ಕಂಡು ಈ ಬೀದಿ ಮೂಗು ಮುಚ್ಕೊಂಡಿದೆ. ನಾನು ಅದನ್ನ ಯಾವ ಪೇಪರಿಗೆ ಹಾಕಿಸಲಿ?"

ಅಷ್ಟರಲ್ಲಿ ವಕೀಲನ ತಾಯಿ ಕನಕಮಂಜರಿ, ಊರು ಸಾಂತಾಣಿ ಅಂದರೆ ಒಡತಿ ಎಂದು ಕರೆಯುತ್ತಿದ್ದ ಎಂಬತ್ತರ ಹತ್ತಿರದ ಮುದುಕಿ, ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಈ ಮಗನಿಗಿಂತ ಮುಂಚೆ ಹುಟ್ಟಿದ ಐದನ್ನು ಕಳೆದುಕೊಂಡವರು. ಕೊಂಡವಳು ಮೂರು ಸಲ "ಬಿಟ್ಟೆ" ಎಂದರೆ ವ್ಯಾಪಾರ ಮುರಿಯಿತು, ಯಮನಿಗೆ ದಾರಿ ತೆರೆಯಿತು ಎಂಬುದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಮುದುಕಿ ಮೆಟ್ಟಿಲಿಳಿದು, ಧೂಳಿನಲ್ಲಿ ಕುಸಿದು ಕೂತರು.

"ಸೇಬತಿ, ನಿನ್ನ ಕಾಲಿಗೆ ಬೀಳ್ತೀನಿ ಕಣೇ. ಇವನಿಗೆ ಬುದ್ಧಿ ಇಲ್ಲ. ನಾನು ಹೇಳಿ ಆ ಹೊಸ ಹೆಸರು ತೆಗೆಸ್ತೀನಿ. ನಿನ್ನ ಬಾಯಿಂದ ಆ ಮಾತು ಮಾತ್ರ ಆಡಬೇಡ. ನನಗೆ ಇವನೊಬ್ಬನೇ."

ವಕೀಲನೂ ತಾಯಿಯ ಮುಖ ನೋಡಿ ಬಿಳಿಚಿಕೊಂಡ. ಕಾನೂನು ಓದಿದ ಗಂಡಸು, ಆದರೂ ಬಿಳಿಚಿಕೊಂಡ. ಅವತ್ತು ಸೇಬತಿ ಒಂದು ಹೆದರಿಕೆಯ ಮಾತಾಡಿದ್ದರೆ ಸಾಕಿತ್ತು, ಆ ಹೆಸರು ಅವನ ಸಾವಿನವರೆಗೂ ಉಳಿಯುತ್ತಿತ್ತು, ಉಳಿದ ಇಪ್ಪತ್ತೆರಡು ಮನೆಗಳೂ ಬಾಯಿ ಮುಚ್ಚಿಕೊಂಡು ಸೀರೆ ಕಳಿಸುತ್ತಿದ್ದವು. ಅವಳು ಮುದುಕಿಯ ಕಡೆ ಬಗ್ಗಿದಳು. ಆಮೇಲೆ ಅವಳ ದನಿ ಬೇರೆಯಾಯಿತು.

"ಏಳಿ ಸಾಂತಾಣಿ, ಎದ್ದೇಳಿ. ನನಗೂ ನಾಲ್ಕು ಹುಟ್ಟಿದ್ವು, ಗೊತ್ತಾ ನಿಮಗೆ? ಎಲ್ಲಿ ಗೊತ್ತಿರುತ್ತೆ! ಈ ನಿಮ್ಮ ಮಗನ ಕಾಲಿಗೆ ಕಬ್ಬಿಣ ಸಿಕ್ಕಿಸಿ ನಾನು ಮನೆಗೆ ಹೋದರೆ ನನ್ನ ಮೂರನೇದು ಚಾಪೆ ಮೇಲೆ ಬಾಯಿ ಬಾಯಿ ಬಿಡ್ತಾ ಇತ್ತು. ಸಂಜೆಗೆ ಹೋಯ್ತು. ಮಾರನೇ ವರ್ಷ ನಾಲ್ಕನೇದು. ಹಾಡಿ ಮಗು ಅಂದರೆ ಯಮನಿಗೆ ಹೇಸಿಗೆ ಅಲ್ವಾ? ಹಾಗಾದರೆ ನನ್ನ ನಾಲ್ಕನ್ನೂ ತಿಂದೋನು ಯಾರು? ನೀವು ನನಗೆ ಮಾರಿದ್ರಿ. ನಾನು ಯಾರಿಗೆ ಮಾರಬೇಕಿತ್ತು? ನಮಗಿಂತ ಕೆಳಗೆ ಯಾರನ್ನ ಇಟ್ಟಿದ್ದೀರಿ, ಹೇಳಿ, ಹೋಗಿ ಅವರ ಸೆರಗಿಗೆ ಹಾಕ್ತಿದ್ದೆ!"

ಮುದುಕಿ ಧೂಳಿನಲ್ಲೇ ಕೂತು ಅವಳತ್ತ ತಲೆಯೆತ್ತಿದರು.

"ಯಮನಿಗೆ ಯಾವ ಹೇಸಿಗೇನೂ ಇಲ್ಲ ಸಾಂತಾಣಿ. ಅವನು ಎಲ್ಲರ ಮನೇಗೂ ಹೋಗ್ತಾನೆ, ಎಲ್ಲರನ್ನೂ ಮುಟ್ತಾನೆ. ಹೇಸಿಗೆ ಇರೋದು ನಿಮಗೆ. ನಿಮ್ಮ ಹೇಸಿಗೇನ ಅವನ ತಲೆಗೆ ಕಟ್ಟಿದ್ದೀರಿ." ವಕೀಲನ ಕಡೆ ತಿರುಗಿದಳು. "ನಾನಾದರೂ ಯಾವಳು? ನಿನ್ನ ಹೆಸರಲ್ಲಿ ಸೇಬತಿ ಎಲ್ಲಿದ್ದಾಳೆ? ಬರೀ ಹಾಡಿ, ಬರೀ ಜಾತಿ. ಅದನ್ನೇ ನಂದು ನಂದು ಅಂತ ಎದೆಗೆ ಕಟ್ಕೊಂಡು ತಿರುಗಿದೆನಲ್ಲ, ನನ್ನ ಬುದ್ಧಿಗಿಷ್ಟು! ಬಿಟ್ಟೆ. ಬಿಟ್ಟೆ. ಬಿಟ್ಟೆ. ಹೆದರಬೇಡಿ ಸಾಂತಾಣಿ, ಸಾಯಲ್ಲ ಇವನು. ಇಂಥೋರು ಬೇಗ ಸಾಯಲ್ಲ."

ಮುದುಕಿ ಚೀರಿದರು. ಸೇಬತಿ ಹಿಂದಿರುಗಿ ನೋಡಲಿಲ್ಲ.

ಹಿಮಾಂಶುಶೇಖರ ಪಟ್ಟನಾಯಕ ಸಾಯಲಿಲ್ಲ. ಹೊಟ್ಟೆ ಬೆಳೆಯಿತು, ವಕಾಲತ್ತೂ ಬೆಳೆಯಿತು. ಅವನು ಬದುಕಿರುವುದನ್ನು ಒಂದು ವರ್ಷ ನೋಡಿ ಧೈರ್ಯ ತಂದುಕೊಂಡ ಉಳಿದ ಹಾಡಿಬಂಧುಗಳು ಒಬ್ಬೊಬ್ಬರಾಗಿ ಪತ್ರಿಕೆಯ ಮೂಲೆಗಳಲ್ಲಿ ಸುಧಾಂಶು, ಪ್ರಿಯರಂಜನ, ಅರವಿಂದರಾದರು. ರಜ ಹಬ್ಬಕ್ಕೆ ಬರುತ್ತಿದ್ದ ಸೀರೆಗಳು ನಿಂತವು. ಹೊಸ ಹೆಸರಿನ ಒಬ್ಬನಾದರೂ ಅವಳ ಬಿಡಾರಕ್ಕೆ ಹೋಗಿ, ತಾಯೀ, ನಿನಗೆ ನೋವಾಯಿತೇ ಎಂದು ಕೇಳಿದನೇ? ಇಲ್ಲ. ಸಂತೆಯಲ್ಲಿ "ಏ ಹಾಡಿಯಾ" ಎಂದು ಅವಳು ಕರೆಯುವುದನ್ನೂ ನಿಲ್ಲಿಸಿದಳು, ಆ ಹೆಸರಿಗೆ ತಿರುಗಿ ನೋಡುವವರೂ ಕಡಿಮೆಯಾದರು.

ಎರಡು ವರ್ಷ ಕಳೆದ ಮೇಲೆ, ನನ್ನ ಬಾಡಿಗೆ ಮನೆಯ ಪಕ್ಕದ ಮಹಾಪಾತ್ರರ ಸೊಸೆ ಮಿನತಿಗೆ ಗಂಡುಮಗುವಾಯಿತು. ಮುಂಚಿನ ಎರಡೂ ಮಕ್ಕಳು ಹುಟ್ಟಿದ ತಿಂಗಳೊಳಗೆ ಹೋಗಿದ್ದವು. ಅತ್ತೆ ಹಳೆಯ ಕಾಲದವರು. ಮಗು ಅತ್ತದ್ದೇ ತಡ ಸೇಬತಿಗೆ ಹೇಳಿಕಳಿಸಿದರು. ಸೇಬತಿ ಬಂದು ಬೀದಿಯಲ್ಲೇ ನಿಂತಳು.

"ಹಿತ್ತಿಲಿಗೆ ಬಾರೇ, ಹೊತ್ತು ಮೀರ್ತದೆ," ಎಂದರು ಅತ್ತೆ ಕಿಟಕಿಯಿಂದ.

"ನಾನು ಕೊಳ್ಳಲ್ಲ. ಹೋಗಿ ಡಾಕ್ಟರಿಗೆ ತೋರಿಸಿ. ಬಾಣಂತಿಗೆ ಹೊಟ್ಟೆ ತುಂಬ ಊಟ ಹಾಕಿ, ನೀರು ಕುದಿಸಿ ಕೊಡಿ. ನೀರಲ್ಲಿ ನೆನೆದ ತಂಗಳನ್ನ ಪಖಾಳ ತಿನ್ನಿಸಿ ಮಲಗಿಸ್ತೀರಿ, ಆಮೇಲೆ ಯಮನ್ನ ಬೈತೀರಿ!"

"ಅಯ್ಯೋ ಚಂಡಾಲಿ! ನಮ್ಮ ವಂಶ ಹೋಗಲಿ ಅಂತಲಾ ನಿನಗೆ? ಈ ಮಗುವಿಗೆ ಏನಾದರೂ ಆದರೆ ನಿನ್ನ ತಲೆಗೇ."

"ನನ್ನ ತಲೆಗೇ ಇರಲಿ. ಇಷ್ಟು ವರ್ಷ ಇನ್ನೇನು ನಿಮ್ಮ ತಲೆಗಿತ್ತಾ?"

ಹಾಗೆ ಹೇಳಿ ಹೋದವಳು ಮರುದಿನ ಬೆಳಿಗ್ಗೆ ನಮ್ಮ ಓಣಿ ಗುಡಿಸುತ್ತಿದ್ದಳು. ನಮ್ಮ ಓಣಿ ಅವಳ ಪಾಲಿನದಲ್ಲ. ಅದರ ಮರುದಿನವೂ ಬಂದಳು. ನನ್ನ ಜಗಲಿಯ ಎದುರು ಬಂದಾಗ ಪೊರಕೆ ನಿಲ್ಲಿಸಿ, ಪಕ್ಕದ ಮನೆಯ ಕಡೆ ಕಿವಿಯೊಡ್ಡಿ, "ಮೇಷ್ಟ್ರೇ, ಇವತ್ತು ಅಳು ಕೇಳಿಸ್ತಾ ಇಲ್ವಲ್ಲ?" ಎಂದು ಕೇಳುತ್ತಿದ್ದಳು.

"ಮಲಗಿರಬೇಕು."

"ಮಲಗಿರಬೇಕು ಅಂತೀರೋ, ನೋಡಿ ಬಂದು ಹೇಳ್ತಿದ್ದೀರೋ?"

ನಾನು ಹೋಗಿ ನೋಡಿ ಬಂದು ಹೇಳಬೇಕಿತ್ತು. ಆಗ 'ಚಕ್' ಎಂದು, ಯಾರನ್ನೋ ಬೈಯುತ್ತ ಮುಂದೆ ಗುಡಿಸುತ್ತಿದ್ದಳು. ಮಗು ಸತ್ತರೆ ಅವಳು ಪಟ್ಟನಾಯಕರ ಬಾಗಿಲಲ್ಲಿ ಆಡಿದ ಮಾತೂ ಅದರೊಡನೆ ಸಾಯುತ್ತದೆ, ಹಿತ್ತಿಲ ಬಾಗಿಲುಗಳು ಮತ್ತೆ ತೆರೆಯುತ್ತವೆ, ಊರು ಅವಳಿಗೆ ಮಗು ತಿಂದವಳೆಂದು ಕಲ್ಲು ಹೊಡೆಯುತ್ತದೆ. ಇದು ಅವಳಿಗೂ ನನಗೂ ಚೆನ್ನಾಗಿ ಗೊತ್ತಿತ್ತು.

ನಾಲ್ಕನೆಯ ತಿಂಗಳಲ್ಲಿ ಮಗುವಿಗೆ ಜ್ವರ ಏರಿತು. ಮಿನತಿ ಅತ್ತೆಯ ಮಾತು ಮೀರಿ ಡಾಕ್ಟರನ್ನು ಕರೆಸಿದಳು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಸೇಬತಿ ಎದುರಿನ ಚರಂಡಿಯ ಕಲ್ಲಿನ ಮೇಲೆ ಬಿಸಿಲಿನಲ್ಲೇ ಕೂತಿದ್ದಳು. ನಾನು ನೀರು ಕೊಡಲು ಹೋದೆ. ಅವಳು ಮಗುವನ್ನು ಬೈಯುತ್ತಿದ್ದಳು. "ಸಾಯಬೇಡ ಕಣೋ ಮುಂಡೇದೇ, ಸಾಯಬೇಡ. ನೀನು ಸತ್ತರೆ ಇವರು ಗೆಲ್ತಾರೆ." ನನ್ನನ್ನು ಕಂಡು ದನಿ ತಗ್ಗಿಸಿ, "ಕೊಂಡುಬಿಡಬೇಕಿತ್ತೇನೋ ಮೇಷ್ಟ್ರೇ. ನನ್ನ ಹಟಕ್ಕೆ ಅದರ ಜೀವ ಯಾಕೆ? ಭಯ ಆಗ್ತದೆ," ಎಂದಳು. ಅವಳಿಗೆ ಭಯವಾಗುತ್ತದೆಂದು ನಾನು ಎಣಿಸಿಯೂ ಇರಲಿಲ್ಲ. ಡಾಕ್ಟರು ಹೊರಬಂದು ಜ್ವರ ಇಳಿದಿದೆ ಎಂದಾಗ ಅವಳು ಆತನನ್ನೂ ಬೈದಳು, ಇಷ್ಟು ಹೊತ್ತು ಒಳಗೆ ಏನು ಪಿಠಾ ತಿನ್ನುತ್ತಿದ್ದಿರಾ ಎಂದು.

ಮಗು ಬದುಕಿತು. ಅದಕ್ಕೆ ಶುಭೇಂದು ಎಂದು ಹೆಸರಿಟ್ಟರು. ವರ್ಷ ತುಂಬಿ ಎರಡು ತಿಂಗಳಿಗೆ, ಒಂದು ಸಂತೆಯ ದಿನ, ಮಿನತಿಯ ಬೆರಳು ಬಿಡಿಸಿಕೊಂಡು ಅದು ಬಜಾರಿನ ಬೀದಿಗಿಳಿದು ನಾಲ್ಕು ಹೆಜ್ಜೆ ತಟ್ಟಾಡಿ ನಿಂತಾಗ ಸೇಬತಿ ಅಲ್ಲಿದ್ದಳು. "ನೋಡ್ರೋ!" ಎಂದು ಅವಳು ಸಂತೆಗೆ ಸಂತೆಯೇ ತಿರುಗುವಂತೆ ಕೂಗಿದಳು. "ನೋಡಿ, ಕಣ್ಣು ತುಂಬ ನೋಡಿ! ಇವನನ್ನ ನಾನು ಕೊಂಡಿಲ್ಲ!" ಕೂಗುತ್ತಿದ್ದವಳ ಕಣ್ಣಿಂದ ನೀರು ಧಾರಾಕಾರ ಸುರಿಯುತ್ತಿತ್ತು. ಆ ಊರಿನಲ್ಲಿ ಅದಾದ ಮೇಲೆ ಯಾರೂ ಮಗುವನ್ನು ಮಾರಿದ್ದು ನನಗೆ ತಿಳಿಯದು.

ಸೇಬತಿಯಂಥವರು ಎಲ್ಲ ಊರುಗಳಲ್ಲೂ ಇದ್ದಾರೆ. ಭಯ ಬಂದಾಗ ಅವರ ಕೀಳುತನವನ್ನೇ ಬೇಡಿ ತಂದು ನಮ್ಮ ಮಕ್ಕಳ ಮೇಲೆ ಹೊದಿಸುತ್ತೇವೆ. ಭಯ ಕಳೆದ ಮೇಲೆ ಅದು ನಾರುತ್ತದೆಂದು ಕಿತ್ತೆಸೆಯುತ್ತೇವೆ. ಅವರು ಕೂಗಿದರೆ, ಎಷ್ಟು ಒರಟು ಬಾಯಿ ಎನ್ನುತ್ತೇವೆ. ತಮ್ಮನ್ನು ಹೊಸಿಲು ದಾಟಗೊಡದವರ ಮಗು ಉಳಿಯಲೆಂದು ಬಿಸಿಲಲ್ಲಿ ಕೂತು ಬೈಯುವ ಆ ಕೋಪಕ್ಕೆ ಸಮನಾದ ಮಮತೆಯನ್ನು ನಾನು ನಮ್ಮ ಮನೆಗಳ ಒಳಗೆ ಕಂಡಿಲ್ಲ. ಹದಿನೆಂಟು ವರ್ಷ ಆ ಊರಿನಲ್ಲಿದ್ದೆ. ಇಪ್ಪತ್ತಮೂರು ಹಾಡಿಬಂಧುಗಳ ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ಇವತ್ತಿಗೂ ತಪ್ಪಿಲ್ಲದೆ ಹೇಳಬಲ್ಲೆ. ಅವಳು ಹೆತ್ತು ಕಳೆದುಕೊಂಡ ಆ ನಾಲ್ಕು ಮಕ್ಕಳನ್ನು ಏನೆಂದು ಕರೆಯುತ್ತಿದ್ದಳೆಂದು ನಾನೂ ಕೇಳಲಿಲ್ಲ.